ಕಾರಿನ ಟಚ್‌ಅಪ್‌ಗೆ ಸರಿಹೊಂದುವ ಸ್ಪ್ರೇ ಪೇಂಟ್ ಹುಡುಕೋದು ಹೇಗೆ

ನನ್ನ ಕಾರಿನ ಬಲಗಡೆ ಕನ್ನಡಿಯ ಕವರ್ ಒಂದು ದಿನ ಗೇಟಿಗೆ ಉಜ್ಜಿತು. ಎರಡು ಬೆರಳಗಲ ಗೀರು, ಅಷ್ಟೇ. ಕಾರು ಬೆಳ್ಳಿ ಬಣ್ಣದ್ದು. ಸಿಲ್ವರ್ ಅಂದ್ರೆ ಸಿಲ್ವರ್ ತಾನೆ ಅಂದುಕೊಂಡು, ಮೆಟಾಲಿಕ್ ಸಿಲ್ವರ್ ಅಂತ ಬರೆದಿದ್ದ ಒಂದು ಕ್ಯಾನ್ ತಂದು ಹೊಡೆದೆ. ಸಂಜೆ ದೀಪದ ಬೆಳಕಲ್ಲಿ ನೋಡಿದಾಗ ಎಷ್ಟು ಚೆನ್ನಾಗಿ ಹೊಂದಿತ್ತು ಅಂದ್ರೆ, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬೆಳಿಗ್ಗೆ ಬಿಸಿಲಿಗೆ ಬಂದು ನೋಡಿದರೆ, ಬೇರೆ ಯಾರದೋ ಕಾರಿನ ಕನ್ನಡಿ ಕಿತ್ತು ತಂದು ಸಿಕ್ಕಿಸಿದ ಹಾಗಿತ್ತು. ಬಾಗಿಲಿನ ಬೆಳ್ಳಿ ಸ್ವಲ್ಪ ಹಳದಿ ಕಡೆ, ಕನ್ನಡಿಯದು ನೀಲಿ ಕಡೆ. ಮಿಂಚಿನ ಕಣಗಳೂ ದಪ್ಪ.

ಅದನ್ನು ಉಜ್ಜಿ ತೆಗೆದು ಮತ್ತೆ ಮಾಡುವ ಹೊತ್ತಿಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡಿ ಕವರ್, ಬಂಪರ್ ಮೂಲೆ, ಪೆಟ್ರೋಲ್ ಮುಚ್ಚಳ, ಬಾಗಿಲ ಹಿಡಿಕೆ, ಇಂಥ ಸಣ್ಣ ಭಾಗಗಳಿಗೆ ಇದು ಸಾಕು. ಇಡೀ ಬಾನೆಟ್ ಹೊಡೆಯುವ ಆಸೆ ಇದ್ದರೆ ಪೇಂಟರ್ ಹತ್ತಿರ ಹೋಗಿ. ಇನ್ನು ಸಾಸಿವೆ ಕಾಳಿನಷ್ಟು ಎದ್ದ ಚುಕ್ಕೆಗೆ ಸ್ಪ್ರೇನೇ ಬೇಡ. ಅದೇ ಬಣ್ಣದ ಸಣ್ಣ ಬ್ರಶ್ ಬಾಟಲ್ ತಗೊಳ್ಳಿ, ಕಡ್ಡಿ ತುದಿಯಲ್ಲಿ ಇಟ್ಟು ಸುಮ್ನಿರಿ.

ಮೊದಲು ಕೋಡ್

ಬಣ್ಣದ ಹೆಸರು ಕಾರು ಮಾರೋದಕ್ಕೆ ಇಟ್ಟದ್ದು, ಬಣ್ಣ ಹುಡುಕೋದಕ್ಕೆ ಬರಲ್ಲ. ಒಂದೇ ಬಣ್ಣಕ್ಕೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಹೆಸರು ಇರುತ್ತದೆ. ನಿಮಗೆ ಬೇಕಾದದ್ದು ಪೇಂಟ್ ಕೋಡ್. ಎರಡರಿಂದ ಐದಾರು ಅಂಕಿ-ಅಕ್ಷರ ಇರುವ ಪುಟ್ಟ ಗುರುತು ಅದು.

ಹುಡುಕೋದು ಎಲ್ಲಿ? ಡ್ರೈವರ್ ಬಾಗಿಲು ತೆಗೆದು, ಬಾಗಿಲು ಬಂದು ಕೂರುವ ಕಂಬದ ಮೇಲೆ ನೋಡಿ. ಟೈರ್ ಗಾಳಿಯ ಸ್ಟಿಕರ್ ಇರುತ್ತದಲ್ಲ, ಅದರ ಅಕ್ಕಪಕ್ಕ. ಟೊಯೋಟಾದಲ್ಲಿ ಸಿ/ಟಿಆರ್ ಅಂತ ಬರೆದಿರುತ್ತದೆ. ಮೊದಲನೆಯದು ಬಣ್ಣ, ಗೆರೆಯ ಆಚೆಯದು ಒಳಗಿನ ಸೀಟು-ಟ್ರಿಮ್‌ನದು. ಹೋಂಡಾದ ಕೋಡ್ ಎನ್‌ಎಚ್-731ಪಿ ಥರ ಇರುತ್ತದೆ. ಅದರಲ್ಲಿ ಕೊನೆಯ ಪಿ ಅಂದರೆ ಪರ್ಲ್ (ಮುತ್ತಿನ ಹೊಳಪಿನದು), ಎಂ ಇದ್ದರೆ ಮೆಟಾಲಿಕ್ (ಲೋಹದ ಮಿಂಚಿನ ಕಣ ಇರುವುದು). ಫೋಕ್ಸ್‌ವ್ಯಾಗನ್, ಆಡಿ ಕಾರುಗಳಲ್ಲಿ ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಕೂರುವ ಗುಂಡಿಯ ಹತ್ತಿರ ಒಂದು ಕಾಗದದ ಸ್ಟಿಕರ್ ಇರುತ್ತದೆ, ಅದರದ್ದೇ ಇನ್ನೊಂದು ಸರ್ವಿಸ್ ಪುಸ್ತಕದಲ್ಲಿ ಅಂಟಿಸಿರುತ್ತಾರೆ. ಬೇರೆ ಕಾರುಗಳಲ್ಲಿ ಬಾನೆಟ್ ಎತ್ತಿ ಒಳಗೋಡೆ ಮೇಲೆ, ರೇಡಿಯೇಟರ್ ಮೇಲಿನ ಪಟ್ಟಿಯ ಮೇಲೆ ನೋಡಿ. ಎಲ್ಲೂ ಸಿಗದಿದ್ದರೆ ಕಾರಿನ ಚಾಸಿ ನಂಬರ್ ಕೊಟ್ಟು ಆ ಕಂಪನಿಯ ಸ್ಪೇರ್ ಪಾರ್ಟ್ಸ್ ಕೌಂಟರ್‌ನಲ್ಲಿ ಕೇಳಿ, ಅವರ ಕಂಪ್ಯೂಟರ್‌ನಲ್ಲಿ ಇರುತ್ತದೆ. ಚಾಸಿ ನಂಬರಿನೊಳಗೇ ಬಣ್ಣ ಅಡಗಿದೆ ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. ಆ ನಂಬರ್ ಹಾಕಿ ಕಂಪನಿ ದಾಖಲೆ ನೋಡಿದಾಗ ಬಣ್ಣ ಗೊತ್ತಾಗುತ್ತದೆ, ಅಷ್ಟೇ.

ಕೋಡ್ ಹೇಳುವಾಗ ಕಂಪನಿ, ಮಾಡೆಲ್, ವರ್ಷ ಮೂರನ್ನೂ ಸೇರಿಸಿ ಹೇಳಿ. ಟೊಯೋಟಾದಲ್ಲಿ 040 ಅಂದರೆ ಬಿಳಿ. ಮರ್ಸಿಡಿಸ್‌ನಲ್ಲಿ ಅದೇ 040 ಅಂದರೆ ಕಪ್ಪು! ಬರೀ ನಂಬರ್ ಹೇಳಿದರೆ ಏನಾಗುತ್ತದೆ ನೋಡಿ. ಸ್ಟಿಕರ್ ಬರೆದುಕೊಳ್ಳುವ ಬದಲು ಫೋಟೋ ತೆಗೆಯಿರಿ. ಸೊನ್ನೆಯೋ ಓ ಅಕ್ಷರವೋ, ಒಂದೋ ಐ ಅಕ್ಷರವೋ ಅನ್ನುವ ಗೊಂದಲ ಅಲ್ಲೇ ಮುಗಿಯುತ್ತದೆ. ಕಾರು ಎರಡು ಬಣ್ಣದ್ದಾದರೆ, ಅಂದರೆ ಮೇಲ್ಛಾವಣಿ ಒಂದು, ಮೈ ಒಂದು ಅಂತಿದ್ದರೆ, ಯಾವ ಕೋಡ್ ಯಾವುದಕ್ಕೆ ಅಂತ ಖಚಿತ ಮಾಡಿಕೊಳ್ಳಿ.

ಇನ್ನೊಂದು ವಿಷಯ. ಬಾಡಿ ಕೋಡ್ ಎಲ್ಲ ಭಾಗಕ್ಕೂ ಅನ್ವಯಿಸಲ್ಲ. ಚಕ್ರದ ಬೆಳ್ಳಿ ಬೇರೆ, ಕಿಟಕಿ ಸುತ್ತ ಇರುವ ಕಪ್ಪು ಬೇರೆ, ಬಂಪರಿನ ಕೆಳಗಿನ ಬೂದು ತುಟಿ ಬೇರೆ. ಕಪ್ಪು ಟ್ರಿಮ್‌ಗಳಲ್ಲಿ ಶೇಡ್‌ಗಿಂತ ಹೊಳಪು ಜಾಸ್ತಿ ಮೋಸ ಮಾಡುತ್ತದೆ. ಗ್ಲಾಸಿ, ಸ್ಯಾಟಿನ್, ಮ್ಯಾಟ್ ಈ ಮೂರರಲ್ಲಿ ಯಾವುದು ಅಂತ ನೋಡಿ. ಹೆಚ್ಚಿನವು ಸ್ಯಾಟಿನ್. ಅದಕ್ಕೆ ಗ್ಲಾಸಿ ಹೊಡೆದರೆ ಎಣ್ಣೆ ಹಚ್ಚಿದ ತಲೆಯ ಹಾಗೆ ಫಳಫಳ ಅನ್ನುತ್ತದೆ.

ಕೋಡ್ ಸರಿ, ಬಣ್ಣ ಮಾತ್ರ ಬೇರೆ

ಕೋಡ್ ಸಿಕ್ಕಿತು, ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಕೋಡ್ ನಿಮ್ಮನ್ನು ಬೀದಿಗೆ ಕರೆದುಕೊಂಡು ಹೋಗುತ್ತದೆ, ಮನೆ ಬಾಗಿಲಿಗಲ್ಲ. ಒಂದೇ ಕೋಡ್‌ನ ಕಾರುಗಳು ಬೇರೆ ಬೇರೆ ಫ್ಯಾಕ್ಟರಿಯಲ್ಲಿ, ಬೇರೆ ಬೇರೆ ವರ್ಷದಲ್ಲಿ ಬಣ್ಣ ಕಂಡಿರುತ್ತವೆ. ಹಾಗಾಗಿ ಪೇಂಟ್ ಕಂಪನಿಗಳು ಒಂದು ಕೋಡ್‌ಗೆ ಹಲವು ವೇರಿಯಂಟ್ ಇಟ್ಟಿರುತ್ತವೆ: ಒಂದು ಸ್ವಲ್ಪ ಕೆಂಪು ಕಡೆ, ಒಂದು ಸ್ವಲ್ಪ ಗಾಢ, ಒಂದರಲ್ಲಿ ಕಣ ದಪ್ಪ. ಅದರ ಮೇಲೆ ಬಿಸಿಲು. ಹತ್ತು ವರ್ಷ ಬಯಲಲ್ಲಿ ನಿಂತ ಕೆಂಪು ಕಾರಿಗೆ ಹೊಸ ಕೆಂಪು ಹೊಡೆದರೆ ಹೊಂದುವುದೇ ಇಲ್ಲ. ಹಳೆ ಸೀರೆಗೆ ಹೊಸ ಬಟ್ಟೆಯ ತೇಪೆ ಹಾಕಿದ ಹಾಗೆ.

ಪ್ಲಾಸ್ಟಿಕ್ ಬಂಪರ್‌ನ ಕಥೆ ಇನ್ನೊಂದು. ಲೋಹದ ಬಾಡಿಗೆ ಕೊಡುವ ಕಾವು ಪ್ಲಾಸ್ಟಿಕ್ ತಡೆಯಲ್ಲ. ಅದಕ್ಕೇ ಬಂಪರ್‌ಗೆ ಸಾಮಾನ್ಯವಾಗಿ ಬೇರೆ ಕಡೆ, ಕಡಿಮೆ ಕಾವಿನಲ್ಲಿ ಬಣ್ಣ ಹೊಡೆದು ತಂದು ಜೋಡಿಸುತ್ತಾರೆ. ಹೊಸ ಕಾರಲ್ಲೇ ಬಂಪರ್ ಮತ್ತು ಫೆಂಡರ್ ಸೇರುವ ಕಡೆ ಗಮನಿಸಿ ನೋಡಿದರೆ ಕೂದಲೆಳೆ ವ್ಯತ್ಯಾಸ ಕಾಣುತ್ತದೆ. ಆದ್ದರಿಂದ ಬಂಪರ್‌ಗೆ ಹೊಡೆಯುವಾಗ ಬಂಪರ್‌ಗೇ ಹೋಲಿಸಿ, ಫೆಂಡರ್‌ಗಲ್ಲ.

ಕ್ಯಾನ್ ಕೊಳ್ಳಲು ಎರಡು ದಾರಿ. ಕೋಡ್ ಹಾಕಿ ರೆಡಿ ಮಾಡಿ ಮಾರುವ ಕ್ಯಾನ್ ಒಂದು. ಕಪ್ಪು, ಮಾಮೂಲಿ ಬಿಳಿ ಇಂಥವಕ್ಕೆ ಅದು ಬಹುಪಾಲು ಸರಿಹೋಗುತ್ತದೆ. ಎರಡನೆಯದು, ವಾಹನಗಳ ಪೇಂಟ್ ಕಲಸಿ ಕೊಡುವ ಅಂಗಡಿಯಲ್ಲಿ ನಿಮ್ಮ ಕಾರಿಗೆ ನೋಡಿಕೊಂಡು ಕಲಸಿ ಕ್ಯಾನ್‌ಗೆ ತುಂಬಿಸುವುದು. ಬೆಳ್ಳಿ, ಬೂದು, ತಿಳಿ ಚಿನ್ನದ ಬಣ್ಣ, ಮಾಸಿದ ಕೆಂಪು ಇದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಅವರ ಹತ್ತಿರ ಬಣ್ಣ ಓದುವ ಸ್ಪೆಕ್ಟ್ರೋಫೋಟೋಮೀಟರ್ ಅನ್ನುವ ಯಂತ್ರ ಇರಬಹುದು, ಇಲ್ಲದಿದ್ದರೆ ವೇರಿಯಂಟ್‌ಗಳ ಬೀಸಣಿಗೆಯಂಥ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಕಾರಿನ ಪಕ್ಕ ಹಿಡಿದು ಆರಿಸುತ್ತಾರೆ. ಕಾರು ಒಯ್ಯಲು ಆಗದಿದ್ದರೆ ಪೆಟ್ರೋಲ್ ಮುಚ್ಚಳ ಒಯ್ಯಿರಿ! ಎಷ್ಟೋ ಕಾರುಗಳಲ್ಲಿ ಅದನ್ನು ಒಂದೆರಡು ಸ್ಕ್ರೂ ಬಿಚ್ಚಿ ತೆಗೆಯಬಹುದು, ಬಾಡಿಯಷ್ಟೇ ಬಿಸಿಲು ತಿಂದಿರುತ್ತದೆ. ಒಯ್ಯುವ ಮುಂಚೆ ತೊಳೆದು, ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ. ಮೇಲಿನ ಮಸುಕಿಗೆ ಬಣ್ಣ ಹೊಂದಿಸಿದರೆ, ನಾಳೆ ನೀವು ಕಾರು ಪಾಲಿಶ್ ಮಾಡಿದ ದಿನ ತೇಪೆ ಎದ್ದು ಕಾಣುತ್ತದೆ.

ಉಜ್ಜುವಾಗ ಬಟ್ಟೆ ನೋಡಿ. ಬಿಳಿ ಬಟ್ಟೆಗೆ ಕಾರಿನ ಬಣ್ಣ ಅಂಟಿದರೆ ಅದು ಒಂದೇ ಪದರದ ಹಳೆ ಥರದ ಪೇಂಟ್. ಬಣ್ಣ ಅಂಟಲಿಲ್ಲ ಅಂದರೆ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ ಇದೆ, ಈಗಿನ ಕಾರುಗಳಲ್ಲಿ ಬಹುತೇಕ ಹೀಗೇ. ಅಂದರೆ ನಿಮಗೆ ಎರಡು ಕ್ಯಾನ್ ಬೇಕು, ಬಣ್ಣದ್ದೊಂದು, ಕ್ಲಿಯರ್‌ದೊಂದು. ಬಣ್ಣದ ಕ್ಯಾನ್ ಒಣಗಿದಾಗ ಸುಣ್ಣದ ಹಾಗೆ ಮಂಕಾಗಿ ಕಾಣುತ್ತದೆ, ಗಾಬರಿ ಬೇಡ. ಹೊಳಪು ಕ್ಲಿಯರ್‌ನಿಂದ ಬರುತ್ತದೆ.

ಮೂರು ಪದರದ ಬಣ್ಣಗಳೂ ಇವೆ. ಟೊಯೋಟಾದ 070 ಪರ್ಲ್ ಬಿಳಿ, ಮಜ್ದಾದ 46ವಿ ಸೋಲ್ ರೆಡ್ ಕ್ರಿಸ್ಟಲ್ ಇಂಥವು. ಕೆಳಗೆ ಒಂದು ಬಣ್ಣ, ಅದರ ಮೇಲೆ ಅರೆ ಪಾರದರ್ಶಕ ಪರ್ಲ್ ಅಥವಾ ಬಣ್ಣದ ಪದರ, ಮೇಲೆ ಕ್ಲಿಯರ್. ನಡುವಿನ ಪದರ ಒಂದು ಕೋಟ್ ಜಾಸ್ತಿ ಆದರೂ ಶೇಡ್ ಬದಲಾಗುತ್ತದೆ. ನುರಿತ ಪೇಂಟರ್‌ಗಳೇ ಇದಕ್ಕೆ ತಿಣುಕಾಡುತ್ತಾರೆ. ನಿಮ್ಮದು ಇಂಥದ್ದಾದರೆ, ಬಾಗಿಲು ಅಥವಾ ಫೆಂಡರ್ ಮೇಲೆ ಸ್ಪ್ರೇ ಕ್ಯಾನ್ ಹಿಡಿದು ನಿಲ್ಲಬೇಡಿ. ಮ್ಯಾಟ್ ಫಿನಿಶ್ ಕಾರಿಗೂ ಇದೇ ಮಾತು, ಅದನ್ನು ಪಾಲಿಶ್ ಮಾಡಿ ಸರಿಮಾಡಲು ಆಗಲ್ಲ.

ತೂತು ಹೊಡೆದ ಕಾರ್ಡ್

ಒಂದೇ ಒಂದು ಕೆಲಸ ಮಾಡ್ತೀನಿ, ಉಳಿದದ್ದು ಬಿಡ್ತೀನಿ ಅಂದರೆ ಇದೊಂದನ್ನು ಮಾಡಿ. ಅಂಗೈಯಗಲದ ದಪ್ಪ ರಟ್ಟು ತಗೊಳ್ಳಿ. ಲೋಹದ ತುಂಡೋ ಹಳೆ ಪ್ಲಾಸ್ಟಿಕ್ ಡಬ್ಬಿ ಮುಚ್ಚಳವೋ ಇದ್ದರೆ ಇನ್ನೂ ಒಳ್ಳೇದು. ನಡುವೆ ನಾಣ್ಯದಷ್ಟು ತೂತು ಮಾಡಿ. ಕಾರಿಗೆ ಯಾವ ಪ್ರೈಮರ್ (ಬಣ್ಣ ಹಿಡಿಯಲಿ ಅಂತ ಕೆಳಗೆ ಹೊಡೆಯುವ ಮೊದಲ ಪದರ) ಹೊಡೀತೀರೋ ಅದನ್ನೇ ಇದಕ್ಕೂ ಹೊಡೆಯಿರಿ. ಒಣಗಿದ ಮೇಲೆ ಬಣ್ಣದ ಒಂದು ಕೋಟ್ ಇಡೀ ಕಾರ್ಡ್‌ಗೆ. ಆಮೇಲೆ ಮೂರರಲ್ಲಿ ಒಂದು ಭಾಗ ಮಾಸ್ಕಿಂಗ್ ಟೇಪ್‌ನಿಂದ ಮುಚ್ಚಿ ಎರಡನೇ ಕೋಟ್, ಇನ್ನೊಂದು ಭಾಗ ಮುಚ್ಚಿ ಮೂರನೇ ಕೋಟ್. ಟೇಪ್ ಕಿತ್ತು, ಮೂರೂ ಪಟ್ಟಿಗಳ ಮೇಲ್ಭಾಗದ ಅರ್ಧಕ್ಕೆ ಕ್ಲಿಯರ್ ಹೊಡೆಯಿರಿ. ಪೂರ್ತಿ ಒಣಗಲಿ. ಹಸಿ ಬಣ್ಣ ನೋಡಿ ತೀರ್ಮಾನ ಮಾಡಲೇಬೇಡಿ.

ಈಗ ಅದನ್ನು ಗೀರು ಬಿದ್ದ ಜಾಗದ ಪಕ್ಕ, ಕಾರಿಗೆ ಒತ್ತಿ ಹಿಡಿದು, ತೂತಿನೊಳಗಿಂದ ಕಾಣುವ ಕಾರಿನ ಬಣ್ಣವನ್ನೂ ಸುತ್ತ ಇರುವ ಕಾರ್ಡ್‌ನ ಬಣ್ಣವನ್ನೂ ಒಟ್ಟಿಗೆ ನೋಡಿ. ಕ್ಲಿಯರ್ ಹೊಡೆದ ಅರ್ಧವೇ ಲೆಕ್ಕ. ತೂತು ಎಲ್ಲಿದೆ ಅಂತ ಎರಡು ಹೆಜ್ಜೆ ಹಿಂದೆ ನಿಂತು ಹುಡುಕಬೇಕಾದರೆ ಬಣ್ಣ ಕೂಡಿತು ಅಂತ ಅರ್ಥ. ಮೊದಲು ನೇರ ನೋಡಿ, ಆಮೇಲೆ ಬಾಗಿ ಓರೆಯಿಂದ ನೋಡಿ. ಮೆಟಾಲಿಕ್ ಬಣ್ಣ ನೇರ ನೋಡಿದಾಗ ಒಂದು, ಓರೆಯಲ್ಲಿ ಇನ್ನೊಂದು. ಪೇಂಟರ್‌ಗಳು ಇದನ್ನು ಫ್ಲಾಪ್ ಅನ್ನುತ್ತಾರೆ. ನೋಡುವುದು ಹಗಲಿನ ಬೆಳಕಲ್ಲಿ, ಒಮ್ಮೆ ಬಿಸಿಲಲ್ಲಿ, ಒಮ್ಮೆ ನೆರಳಲ್ಲಿ. ಎರಡು ಬಣ್ಣ ಒಂದು ದೀಪದ ಕೆಳಗೆ ಒಂದೇ ಥರ ಕಂಡು ಇನ್ನೊಂದು ಬೆಳಕಲ್ಲಿ ಬೇರೆ ಆಗುವುದು ಮಾಮೂಲು. ನನ್ನ ಕನ್ನಡಿಗೆ ಆದದ್ದೂ ಅದೇ.

ಕಾರ್ಡ್‌ನಲ್ಲಿ ಇನ್ನೊಂದು ಗುಟ್ಟೂ ಬಯಲಾಗುತ್ತದೆ. ಎಷ್ಟು ಕೋಟ್‌ಗೆ ಕೆಳಗಿನ ಪ್ರೈಮರ್ ಪೂರ್ತಿ ಮುಚ್ಚಿತು ಅಂತ ಗೊತ್ತಾಗುತ್ತದೆ. ಕೆಂಪು, ಹಳದಿ ಬಣ್ಣಗಳಿಗೆ ಮುಚ್ಚುವ ಶಕ್ತಿ ಕಡಿಮೆ. ಅವುಗಳ ಕೆಳಗೆ ಕಡು ಬೂದು ಪ್ರೈಮರ್ ಇದ್ದರೆ ಒಂದು ಶೇಡ್, ಬಿಳಿ ಇದ್ದರೆ ಇನ್ನೊಂದು ಶೇಡ್. ಬಣ್ಣ ಕಲಸುವವರನ್ನೇ ಕೇಳಿ, ಈ ಕೋಡ್‌ಗೆ ಯಾವ ಬಣ್ಣದ ಪ್ರೈಮರ್ ಹಾಕಬೇಕು ಅಂತ.

ಹೊಡೆಯುವ ಕೈ ಕೂಡ ಬಣ್ಣ ಬದಲಿಸುತ್ತದೆ

ಇದು ನನಗೆ ತಡವಾಗಿ ಗೊತ್ತಾದದ್ದು. ಒಂದೇ ಕ್ಯಾನ್, ಒಂದೇ ಕೈ, ಆದರೂ ಮೆಟಾಲಿಕ್ ಎರಡು ಥರ ಬರುತ್ತದೆ. ಹತ್ತಿರದಿಂದ, ನಿಧಾನವಾಗಿ, ಒದ್ದೆಯಾಗಿ ಹೊಡೆದರೆ ಅಲ್ಯೂಮಿನಿಯಂ ಕಣಗಳು ಬಣ್ಣದೊಳಗೆ ಮುಳುಗುತ್ತವೆ, ಬಣ್ಣ ಗಾಢವಾಗುತ್ತದೆ. ದೂರದಿಂದ ತೆಳ್ಳಗೆ, ಒಣಒಣವಾಗಿ ಬಿದ್ದರೆ ಕಣಗಳು ಮೇಲೇ ಚಪ್ಪಟೆ ಮಲಗುತ್ತವೆ, ಬಣ್ಣ ತಿಳಿಯಾಗುತ್ತದೆ. ಕಾರ್ಡ್ ಸ್ವಲ್ಪ ಗಾಢ ಅನಿಸಿದರೆ ಅಂಗಡಿಗೆ ಓಡುವ ಮುಂಚೆ ಇನ್ನೊಂದು ಕಾರ್ಡ್‌ಗೆ ಐದಾರು ಸೆಂಟಿಮೀಟರ್ ಹಿಂದೆ ಸರಿದು ಹೊಡೆದು ನೋಡಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಅಲುಗಾಡಿಸುವುದರಲ್ಲಿ ಸೋಮಾರಿತನ ಬೇಡ. ಕ್ಯಾನ್ ಒಳಗಿನ ಗುಂಡು ಟಕಟಕ ಅನ್ನಲು ಶುರುವಾದ ಮೇಲೆ ಎರಡು ನಿಮಿಷ ಪೂರ್ತಿ ಅಲ್ಲಾಡಿಸಿ, ನಡುನಡುವೆ ಮತ್ತೆ. ಕಣಗಳು ತಳದಲ್ಲಿ ಕೂತಿದ್ದರೆ ಮೊದಲು ಬರುವುದು ಬರೀ ಬಣ್ಣದ ನೀರು.

ಜಾಗ ತಯಾರಿ ಹೀಗೆ. ಸೋಪು ನೀರಲ್ಲಿ ತೊಳೆಯಿರಿ, ಒಣಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಅಥವಾ ವ್ಯಾಕ್ಸ್ ತೆಗೆಯುವ ದ್ರವದಲ್ಲಿ ಒರೆಸಿ. ಉಜ್ಜುವ ಮುಂಚೆಯೇ ಒರೆಸಬೇಕು, ಇಲ್ಲದಿದ್ದರೆ ಜಿಡ್ಡನ್ನು ಗೀರಿನೊಳಗೆ ತುಂಬಿದ ಹಾಗೆ. ಸಿಲಿಕೋನ್ ಪಾಲಿಶ್ ಒಂದು ಚೂರು ಉಳಿದರೂ ಬಣ್ಣ ಅಲ್ಲಲ್ಲಿ ಮೀನುಕಣ್ಣಿನ ಹಾಗೆ ಗುಂಡಗೆ ಬಿಟ್ಟುಕೊಳ್ಳುತ್ತದೆ. ಗೀರಿನ ಅಂಚನ್ನು 320 ಅಥವಾ 400 ನಂಬರ್ ವಾಟರ್ ಪೇಪರ್‌ನಿಂದ ಬೆರಳಿಗೆ ತಡೆಯದ ಹಾಗೆ ಇಳಿಜಾರು ಮಾಡಿ. ಪ್ರೈಮರ್ ಒಣಗಿದ ಮೇಲೆ 800ರಲ್ಲಿ ನೀರು ಹಾಕಿ ಉಜ್ಜಿ. ಮೆಟಾಲಿಕ್ ಕೆಳಗೆ ಒರಟು ಪೇಪರ್‌ನ ಗೀರು ಉಳಿದರೆ ಬಣ್ಣದ ಮೂಲಕವೂ ಕಾಣುತ್ತದೆ.

ಪ್ಲಾಸ್ಟಿಕ್ ಕಾಣುವಷ್ಟು ಆಳದ ಗೀರಾದರೆ ಮೊದಲು ಪ್ಲಾಸ್ಟಿಕ್ ಪ್ರೈಮರ್ ಬೇಕೇ ಬೇಕು. ಬಂಪರ್ ಹಿಂಭಾಗದಲ್ಲಿ ಪಿಪಿ ಅಂತ ಅಚ್ಚೊತ್ತಿದ್ದರೆ ಅದು ಪಾಲಿಪ್ರೊಪಿಲೀನ್, ಅದರ ಮೇಲೆ ಮಾಮೂಲಿ ಪ್ರೈಮರ್ ಹಿಡಿಯಲ್ಲ, ಕೆಲವು ತಿಂಗಳಲ್ಲಿ ಹಲ್ಲಿ ಪೊರೆ ಬಿಟ್ಟ ಹಾಗೆ ಎದ್ದು ಬರುತ್ತದೆ. ಲೋಹ ಕಂಡರೆ ತುಕ್ಕು ಪೂರ್ತಿ ತೆಗೆದು ಎಪಾಕ್ಸಿ ಪ್ರೈಮರ್ ಅಥವಾ ಲೋಹವನ್ನು ಕಚ್ಚಿ ಹಿಡಿಯುವ ಎಚಿಂಗ್ ಪ್ರೈಮರ್ ಹೊಡೆಯಿರಿ. ತುಕ್ಕಿನ ಮೇಲೆ ಬಣ್ಣ ಹೊಡೆದರೆ ಅದು ಒಳಗೇ ಬೆಳೆಯುತ್ತದೆ.

ಹೊಡೆಯುವಾಗ ಕ್ಯಾನ್ 20ರಿಂದ 25 ಸೆಂಟಿಮೀಟರ್ ದೂರ. ಸ್ಪ್ರೇ ಶುರುವಾಗುವುದೂ ನಿಲ್ಲುವುದೂ ಭಾಗದ ಹೊರಗೆ ಇರಲಿ. ಪ್ರತಿ ಎಳೆತ ಹಿಂದಿನದರ ಅರ್ಧ ಮುಚ್ಚಬೇಕು. ತೆಳ್ಳಗೆ ಮೂರು ನಾಲ್ಕು ಕೋಟ್, ನಡುವೆ ಹತ್ತು ನಿಮಿಷ. ಒಂದೇ ಸಲ ಮುಚ್ಚಿಬಿಡೋಣ ಅಂತ ಹೋದರೆ ಕಣ್ಣೀರಿನ ಹಾಗೆ ಇಳಿಯುತ್ತದೆ. 20-25 ಡಿಗ್ರಿ ಉಷ್ಣತೆ ಒಳ್ಳೇದು. ಸುಡುವ ಬಿಸಿಲಲ್ಲೂ ಬೇಡ, ಮಳೆ ಹವೆಯಲ್ಲೂ ಬೇಡ. ತೇವ ಜಾಸ್ತಿ ಇದ್ದರೆ ಮೇಲೆ ಬೂದಿ ಬಂದ ಹಾಗೆ ಬಿಳಿಚಿಕೊಳ್ಳುತ್ತದೆ.

ಟೇಪ್ ಎಲ್ಲಿ ಹಾಕುತ್ತೀರಿ ಅನ್ನುವುದೇ ಅರ್ಧ ಕೆಲಸ. ಬಾಗಿಲಿನ ನಡುವೆ ಚೌಕಾಕಾರ ಟೇಪ್ ಅಂಟಿಸಿ ಹೊಡೆದರೆ, ಬಣ್ಣ ನೂರಕ್ಕೆ ನೂರು ಹೊಂದಿದರೂ ಆ ಚೌಕ ಕಾಣುತ್ತಲೇ ಇರುತ್ತದೆ. ಬಣ್ಣವನ್ನು ಗೀರಿನ ಸುತ್ತ ಮಾತ್ರ ಹೊಡೆದು, ಅಂಚಿಗೆ ಬರುತ್ತಾ ಕೈ ಹಗುರ ಮಾಡಿ, ಹೊಸದು ಹಳೆಯದರೊಳಗೆ ಕರಗುವ ಹಾಗೆ ಬಿಡಿ. ಕ್ಲಿಯರ್ ಮಾತ್ರ ಆ ಭಾಗದ ಪೂರ್ತಿ, ಮೂಲೆಯಿಂದ ಮೂಲೆಗೆ. ಅದಕ್ಕಾಗಿ ಆ ಭಾಗದ ಹಳೆ ಹೊಳಪನ್ನೂ ಮೊದಲೇ 1000 ನಂಬರ್ ಪೇಪರ್‌ನಲ್ಲಿ ಮಂಕು ಮಾಡಿರಬೇಕು, ಇಲ್ಲದಿದ್ದರೆ ಕ್ಲಿಯರ್ ಹಿಡಿಯಲ್ಲ. ಕಳಚಿ ತೆಗೆಯಬಹುದಾದ ಭಾಗವಾದರೆ ತೆಗೆದು ಪೂರ್ತಿ ಹೊಡೆದುಬಿಡಿ. ಎರಡು ಭಾಗಗಳ ನಡುವಿನ ಸಂದು ದೊಡ್ಡ ಉಪಕಾರಿ. ಸಂದಿನ ಆಚೆ ಈಚೆ ಕೂದಲೆಳೆ ವ್ಯತ್ಯಾಸ ಇದ್ದರೂ ಕಣ್ಣು ಒಪ್ಪಿಕೊಳ್ಳುತ್ತದೆ, ಒಂದೇ ಹಾಳೆಯ ನಡುವೆ ಇದ್ದರೆ ಒಪ್ಪಲ್ಲ.

ಕ್ಲಿಯರ್‌ನಲ್ಲಿ 1ಕೆ, 2ಕೆ ಅಂತ ಎರಡು ಬಗೆ. 1ಕೆ ಸುಮ್ನೆ ಒಣಗುತ್ತದೆ, ಬಳಸಲು ಸುಲಭ. ಆದರೆ ಪೆಟ್ರೋಲ್ ಚೆಲ್ಲಿದರೆ ಮೆತ್ತಗಾಗುತ್ತದೆ. ಪೆಟ್ರೋಲ್ ಮುಚ್ಚಳಕ್ಕೆ ಅದನ್ನು ಹೊಡೆಯುವುದು ದಂಡ. 2ಕೆ ಕ್ಯಾನ್‌ನ ತಳದಲ್ಲಿ ಒಂದು ಗುಂಡಿ ಇರುತ್ತದೆ, ಒತ್ತಿದರೆ ಒಳಗೆ ಹಾರ್ಡನರ್, ಅಂದರೆ ಗಟ್ಟಿ ಮಾಡುವ ದ್ರವ, ಬೆರೆಯುತ್ತದೆ. ಆಮೇಲೆ ಕ್ಯಾನ್ ಮೇಲೆ ಬರೆದ ಅವಧಿಯೊಳಗೆ ಮುಗಿಸಬೇಕು, ಅದು ಒಂದೆರಡು ದಿನವಷ್ಟೇ. ಗಟ್ಟಿ, ಹೊಳಪು ಎರಡರಲ್ಲೂ ಇದೇ ಮೇಲು. ಆದರೆ ಹಾರ್ಡನರ್‌ನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಉಸಿರಲ್ಲಿ ಹೋದರೆ ಅಸ್ತಮಾ ತರಬಲ್ಲದು. ಬಟ್ಟೆ ಮಾಸ್ಕ್ ಕಟ್ಟಿಕೊಂಡರೆ ಏನೂ ಪ್ರಯೋಜನ ಇಲ್ಲ. ಪೇಂಟ್ ಆವಿಗೆ ಅಂತ ಇರುವ ಕಾರ್ಟ್ರಿಜ್ ರೆಸ್ಪಿರೇಟರ್, ಕನ್ನಡಕ, ಕೈಗವಸು ಇಲ್ಲದಿದ್ದರೆ 2ಕೆ ಮುಟ್ಟಬೇಡಿ, 1ಕೆಯಲ್ಲೇ ಮುಗಿಸಿ. ಯಾವುದೇ ಆದರೂ ಬಯಲಲ್ಲಿ ಹೊಡೆಯಿರಿ, ಮುಚ್ಚಿದ ಗ್ಯಾರೇಜಿನಲ್ಲಿ ಬೇಡ, ಹತ್ತಿರ ಬೆಂಕಿ ಬೇಡ.

ಕ್ಲಿಯರ್ ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಬಂದರೆ ಒಂದೆರಡು ದಿನ ಬಿಟ್ಟು 2000 ನಂಬರ್ ಪೇಪರ್‌ನಲ್ಲಿ ನೀರು ಹಾಕಿ ಹಗುರವಾಗಿ ಉಜ್ಜಿ ಪಾಲಿಶ್ ಮಾಡಿ. ಅಂಚು, ಮೂಲೆಗಳಲ್ಲಿ ಕೈ ತಡೆಯಿರಿ, ಅಲ್ಲಿ ಪದರ ತೆಳು, ಬೇಗ ಬಣ್ಣ ಹೊರಗೆ ಬರುತ್ತದೆ. ವ್ಯಾಕ್ಸ್ ಒಂದು ತಿಂಗಳ ತನಕ ಬೇಡ.

ಉಳಿದ ಬಣ್ಣದ ಕ್ಯಾನ್‌ನ್ನು ತಲೆಕೆಳಗೆ ಹಿಡಿದು ಬರೀ ಗ್ಯಾಸ್ ಬರುವ ತನಕ ಒತ್ತಿ, ಆಗ ನಳಿಕೆ ಕಟ್ಟಲ್ಲ. ಅದರ ಮೇಲೆ ಕೋಡ್, ವೇರಿಯಂಟ್, ತಾರೀಖು ಬರೆದಿಡಿ. ಹೊಂದಿದ ಕಾರ್ಡ್‌ನ ಹಿಂದೆ ಎಷ್ಟು ದೂರದಿಂದ ಎಷ್ಟು ಕೋಟ್ ಹೊಡೆದಿರಿ ಅಂತ ಗೀಚಿ ಡ್ಯಾಶ್‌ಬೋರ್ಡ್ ಡ್ರಾಯರ್‌ಗೆ ಹಾಕಿಡಿ. ನನ್ನದು ಅಲ್ಲೇ ಇದೆ, ಹೋದ ತಿಂಗಳು ಎಡಗಡೆ ಕನ್ನಡಿಗೆ ಬೇಕಾಯಿತು.